ಈ ಜಾಲರಿ ನಮ್ದಲ್ಲ ರೀ: ಸೈಕಲ್ ದಾರಿಗೋಸ್ಕರ ಆರು ವರ್ಷ ಅಲೆದ ಕಥೆ

ಎಲ್ಲಾ ಶುರುವಾಗಿದ್ದು ಒಂದು ಚರಂಡಿ ಜಾಲರಿಯಿಂದ. ಮಳೆ ನೀರು ಇಳಿಯೋಕೆ ರೋಡಿನ ಅಂಚಲ್ಲಿ ಕಬ್ಬಿಣದ್ದು ಕೂರ್ಸಿರ್ತಾರಲ್ಲ, ಅದೇ. ಅದರ ಸೀಳುಗಳು ರೋಡಿಗೆ ಅಡ್ಡಡ್ಡ ಇದ್ರೆ ಸೈಕಲ್ ಚಕ್ರ ಟಕಟಕ ಅಂತ ದಾಟ್ಕೊಂಡು ಹೋಗುತ್ತೆ, ಉದ್ದುದ್ದ ಇದ್ರೆ, ಅಂದ್ರೆ ನಾವು ಹೋಗೋ ದಿಕ್ಕಲ್ಲೇ ಇದ್ರೆ, ಸಣ್ಣ ಟೈರು ಸೀದಾ ಒಳಗೆ. ನನ್ನ ಮುಂದಿನ ಚಕ್ರ ಒಳಗೋಯ್ತು, ನಾನು ಹ್ಯಾಂಡಲ್ ಮೇಲಿಂದ ಹಾರಿ ಮುಂದಕ್ಕೆ ಬಿದ್ದೆ. ಹೆಗಲ ಮೂಳೆ ಮುರೀತು, ಗಲ್ಲಕ್ಕೆ ನಾಲ್ಕು ಹೊಲಿಗೆ. ಹಿಂದೆ ಬರ್ತಿದ್ದ ವ್ಯಾನಿನವನು ಹೆಂಗೋ ಬ್ರೇಕ್ ಹಿಡಿದ, ಅದಕ್ಕೇ ಇದನ್ನ ಬರೆಯೋಕೆ ನಾನಿದೀನಿ.

ಕೈ ಜೋಲಿಯಲ್ಲಿ ಕಟ್ಕೊಂಡು ಮನೇಲಿ ಕೂತಿದ್ದಾಗ ಒಂದೇ ಕೈಲಿ ಟೈಪ್ ಮಾಡಿ ರಸ್ತೆ ಇಲಾಖೆಗೆ ಪತ್ರ ಬರೆದೆ. ಮೂರು ವಾರ ಆದ್ಮೇಲೆ ಉತ್ತರ ಬಂತು, ರಸ್ತೆ ನಮ್ದು, ಚರಂಡಿ ನಮ್ದಲ್ಲ, ನಗರಾಡಳಿತಕ್ಕೆ ಕೇಳಿ ಅಂತ. ನಗರಾಡಳಿತದವರು ಚರಂಡಿ ನಮ್ದೇ ಆದ್ರೆ ಮೇಲಿನ ಜಾಲರಿ ರಸ್ತೆ ಕಾಮಗಾರಿಯಲ್ಲಿ ಹಾಕಿದ್ದು, ಹಾಗಾಗಿ ರಸ್ತೆಯವರದ್ದೇ ಅಂದ್ರು. ನಾನು ಎರಡೂ ಪತ್ರಾನ ಒಟ್ಟಿಗೆ ಪಿನ್ ಮಾಡಿ ಇಬ್ರಿಗೂ ವಾಪಸ್ ಕಳಿಸ್ದೆ. ಅದಕ್ಕೆ ಉತ್ತರವೇ ಬರ್ಲಿಲ್ಲ.

ಕೊನೆಗೆ ಅದನ್ನ ಸರಿ ಮಾಡಿದ್ದು ಒಬ್ಬ ಮೇಸ್ತ್ರಿ. ಅದೇ ಬೀದೀಲಿ ಪೈಪ್ ಕೆಲಸ ಮಾಡಿಸ್ತಿದ್ದ, ನನ್ನ ಕೈ ನೋಡಿ ಏನಾಯ್ತು ಸರ್ ಅಂತ ಕೇಳ್ದ, ಹೇಳ್ದೆ, ಬಗ್ಗಿ ನೋಡಿದ, "ಇದಕ್ಕೇನು, ಮೇಲೆ ನಾಲ್ಕು ಅಡ್ಡಪಟ್ಟಿ ವೆಲ್ಡ್ ಮಾಡಿದ್ರೆ ಮುಗೀತು" ಅಂದ. ಯಾರಿಗೋ ಫೋನ್ ಮಾಡಿ ಬಾಯ್ಮಾತಿನ ಒಪ್ಪಿಗೆ ತಗೊಂಡ, ಮಾರನೇ ದಿನ ಮಾಡ್ಸೇ ಬಿಟ್ಟ. ಹತ್ತು ನಿಮಿಷದ ಕೆಲಸ. ನನಗೆ ಖುಷಿಗಿಂತ ಜಾಸ್ತಿ ಸಿಟ್ಟೇ ಬಂತು, ಯಾಕಂದ್ರೆ ಆ ಬೀದೀಲಿ ಅಂಥವು ಇನ್ನೂ ಹನ್ನೊಂದು ಇದ್ವು, ಪಕ್ಕದ ಊರಲ್ಲೂ ಅದೇ ಅಚ್ಚಿನವು, ಯಾಕೆ ಅಂತ ಹುಡುಕ್ತಾ ಹೋದ್ರೆ ಇಡೀ ರಾಜ್ಯಕ್ಕೆ ಒಂದೇ ಡ್ರಾಯಿಂಗ್, ಇಲಾಖೆಯ ಕೈಪಿಡಿಯಲ್ಲಿ ಎಷ್ಟೋ ವರ್ಷದ ಹಿಂದೆ ಯಾರೋ ಬರೆದಿದ್ದು, ಸೀಳು ಯಾವ ದಿಕ್ಕಿಗೆ ಇರ್ಬೇಕು ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ನನ್ನ ಬೀದಿ ಸರಿ ಮಾಡಿಸೋಕೆ ಹೊರಟವನು ರಾಜ್ಯದ ಕೈಪಿಡಿ ಹಿಂದೆ ಬಿದ್ದಿದ್ದು ಹಿಂಗೆ.

ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಅಂತ ಗೊತ್ತಾಗಿ ಸೈಕಲ್ ತುಳಿಯೋರ ಒಂದು ಗುಂಪು ಸೇರ್ಕೊಂಡೆ. ಒಳ್ಳೇ ಜನ, ಆದ್ರೆ ಮೊದಲ ಒಂದು ವರ್ಷ ನಾವು ಮಾಡಿದ್ದೆಲ್ಲಾ ಜಾಥಾ, ಬ್ಯಾನರ್, ಹೆಲ್ಮೆಟ್ ಹಂಚೋದು, ಫೋಟೋ. ನಾನೂ ಅದರಲ್ಲಿ ಜೋರಾಗೇ ಇದ್ದೆ, ಸುಳ್ಳು ಹೇಳಲ್ಲ. ಒಂದ್ಸಲ ಒಂದು ಫ್ಯಾಕ್ಟರಿ ಗೇಟ್ ಹತ್ರ ಹೆಲ್ಮೆಟ್ ಕೊಡ್ತಾ ಇದ್ವಿ, ರಾತ್ರಿ ಪಾಳಿ ಮುಗ್ಸಿ ಬರ್ತಿದ್ದ ಒಬ್ಬ ಹಿರಿಯರು ಅದನ್ನ ತಗೊಂಡು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆಯಪ್ಪ, ಆದ್ರೆ ಆ ಸೇತುವೆ ಮೇಲೆ ಲಾರಿ ಮೊಣಕೈ ಸವರ್ಕೊಂಡು ಹೋಗುತ್ತಲ್ಲ, ಅಲ್ಲಿಗೆ ಏನು ಕೊಡ್ತೀರಿ?" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಹೆಲ್ಮೆಟ್ ಬೇಡ ಅಂತ ನಾನು ಹೇಳ್ತಿಲ್ಲ, ನಾನು ಹಾಕ್ತೀನಿ, ಬಿದ್ದಾಗ ತಲೆ ಉಳಿಸುತ್ತೆ. ಆದ್ರೆ ಗುದ್ದೋದನ್ನ ಅದು ತಪ್ಪಿಸಲ್ಲ ಅಷ್ಟೇ. ಇಂಗ್ಲೆಂಡಲ್ಲಿ ಇಯಾನ್ ವಾಕರ್ ಅನ್ನೋ ಸಂಶೋಧಕ ಸೈಕಲ್‌ಗೆ ಸೆನ್ಸರ್ ಕಟ್ಕೊಂಡು 2,300ಕ್ಕೂ ಹೆಚ್ಚು ಓವರ್‌ಟೇಕ್‌ಗಳನ್ನ ಅಳೆದು 2007ರಲ್ಲಿ ಪ್ರಕಟಿಸಿದ್ದ, ಅವನು ಹೆಲ್ಮೆಟ್ ಹಾಕ್ಕೊಂಡಾಗ ಗಾಡಿಗಳು ಹೆಲ್ಮೆಟ್ ಇಲ್ದೆ ಇದ್ದಾಗಿಗಿಂತ ಸರಾಸರಿ 8.5 ಸೆಂ.ಮೀ. ಹೆಚ್ಚು ಹತ್ತಿರ ಬಂದು ಹೋಗಿದ್ವು, ಉದ್ದ ಕೂದಲಿನ ವಿಗ್ ಹಾಕ್ಕೊಂಡಾಗ ಜಾಸ್ತಿ ಜಾಗ ಬಿಟ್ಟಿದ್ವು. ಆ ಪ್ರಯೋಗದ ಮಧ್ಯೆ ಅವನಿಗೆ ಒಂದು ಬಸ್ಸು, ಒಂದು ಲಾರಿ ಎರಡೂ ಗುದ್ದಿದ್ವಂತೆ, ಎರಡು ಸಲಾನೂ ಹೆಲ್ಮೆಟ್ ಹಾಕಿದ್ನಂತೆ! ಆ ಲೆಕ್ಕದ ಮೇಲೆ ಆಮೇಲೆ ಬೇರೆ ಸಂಶೋಧಕರು ತಕರಾರು ತೆಗೆದಿದಾರೆ, ಹಾಗಾಗಿ ನಾನು ಅದನ್ನ ಸಭೆಗಳಲ್ಲಿ ಹೇಳಲ್ಲ, ಇಲ್ಲಿ ಹೇಳ್ದೆ.

ಆ ಹಿರಿಯರ ಮಾತು ಕೇಳಿದ್ಮೇಲೆ ನಾವು ಎಣಿಸೋಕೆ ಶುರು ಮಾಡಿದ್ವಿ. ಯಾಕಂದ್ರೆ ಯಾವ ಆಫೀಸಿಗೆ ಹೋದ್ರೂ ಒಂದೇ ಮಾತು, "ಸೈಕಲ್ ಯಾರು ಓಡಿಸ್ತಾರೆ ಈಗ?" ಸರಿ, ಒಂದು ಜಂಕ್ಷನ್‌ನಲ್ಲಿ ಬೆಳಗ್ಗೆ 8ರಿಂದ 10ರ ತನಕ ಟ್ಯಾಲಿ ಕೌಂಟರ್ ಹಿಡ್ಕೊಂಡು ನಿಂತ್ವಿ. 40 ಕೂಡ ದಾಟ್ಲಿಲ್ಲ. ಅವಮಾನ ಆದಂಗಾಯ್ತು, ಆಫೀಸಿನವರು ಹೇಳಿದ್ದೇ ನಿಜವೇನೋ ಅನ್ನಿಸ್ತು. ಪಕ್ಕದಲ್ಲಿ ಗುಡಿಸ್ತಿದ್ದ ಹೆಂಗಸು ನಮ್ಮ ಮುಖ ನೋಡಿ ನಕ್ಕು, "ಅವರೆಲ್ಲ ಆಗ್ಲೇ ಹೋಗಾಯ್ತು ಸರ್, ನೀವು ಎದ್ದಿದ್ದು ಲೇಟು" ಅಂದ್ರು. ಮಾರನೇ ದಿನ ಐದಕ್ಕೆ ಹೋದ್ವಿ. ಕತ್ತಲು. ಲೈಟ್ ಇಲ್ದೆ, ಸದ್ದಿಲ್ದೆ ಬರ್ತಾ ಇದ್ರು, ಒಬ್ಬರ ಹಿಂದೆ ಒಬ್ಬರು, ಅಡುಗೆ ಕೆಲಸದವರು, ಸೆಕ್ಯೂರಿಟಿಯವರು, ಆಸ್ಪತ್ರೆ ಕ್ಲೀನಿಂಗ್‌ನವರು, ಪೇಪರ್ ಹಾಕೋ ಹುಡುಗರು. ಹಿಂದಿನ ದಿನದ ಲೆಕ್ಕ ಅರ್ಧ ಗಂಟೇಲಿ ದಾಟಿ ಹೋಯ್ತು, ಕೌಂಟರ್ ಒತ್ತಿ ಒತ್ತಿ ಹೆಬ್ಬೆರಳು ನೋಯ್ತಿತ್ತು. ಇಲಾಖೆಯವರು ಟ್ರಾಫಿಕ್ ಎಣಿಕೆ ಮಾಡಿಸೋದು ಆಫೀಸ್ ಟೈಮಿನ ರಶ್ಶಲ್ಲಿ, ಇವರು ದಾಟೋದು ಅದಕ್ಕಿಂತ ಮುಂಚೆ, ವಾಪಸ್ ಬರೋದು ರಾತ್ರಿ ಹತ್ತಾದ್ಮೇಲೆ. ಲೆಕ್ಕದಲ್ಲೇ ಇಲ್ದೆ ಇರೋರಿಗೆ ರೋಡಲ್ಲಿ ಜಾಗ ಎಲ್ಲಿಂದ ಬರ್ಬೇಕು? ನಮ್ಮ ಗುಂಪಿನ ಸಭೆಗೂ ಅವರಲ್ಲಿ ಒಬ್ರೂ ಬರ್ತಿರ್ಲಿಲ್ಲ, ನಾವು ಸಭೆ ಇಡ್ತಿದ್ದದ್ದು ಭಾನುವಾರ ಬೆಳಗ್ಗೆ ಏಳಕ್ಕೆ, ಅವರು ಮಲಗಿರೋ ಹೊತ್ತಲ್ಲಿ. ಸಭೆ ಟೈಮ್ ಬದಲಾಯಿಸಿದ್ವಿ, ಆದ್ರೂ ಬಂದಿದ್ದು ಇಬ್ರೋ ಮೂವರೋ. ಆಮೇಲೆ ಅವರು ಬರೋದನ್ನ ಕಾಯೋದು ಬಿಟ್ಟು ನಾವೇ ಗೇಟ್ ಹತ್ರ ಹೋಗಿ ನಿಲ್ತಿದ್ವಿ, ಒಂದೇ ಪ್ರಶ್ನೆ, ದಾರೀಲಿ ಎಲ್ಲಿ ಇಳಿದು ತಳ್ಕೊಂಡು ಹೋಗ್ತೀರಿ? ಉತ್ತರ ಬಂದ ಜಾಗಾನೆಲ್ಲಾ ಮ್ಯಾಪ್ ಮೇಲೆ ಚುಕ್ಕೆ ಇಟ್ವಿ. ಅಪಘಾತದ ಲೆಕ್ಕಕ್ಕಿಂತ ಆ ಮ್ಯಾಪೇ ನಮಗೆ ಜಾಸ್ತಿ ಕೆಲಸಕ್ಕೆ ಬಂತು, ಯಾಕಂದ್ರೆ ಹೆದರಿ ಇಳಿದು ತಳ್ಕೊಂಡು ಹೋಗೋ ಜಾಗದಲ್ಲಿ ಅಪಘಾತವೇ ಆಗಿರಲ್ಲ, ಪೊಲೀಸ್ ದಾಖಲೇಲಿ ಅದು ಸೇಫ್ ಅಂತ ಕಾಣುತ್ತೆ.

ಸೈಕಲ್ ಇಟ್ಕೊಂಡೂ ಹೊರಗೆ ತೆಗೀದೆ ಇರೋರು ಇನ್ನೊಂದು ಥರ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರಾಡಳಿತದಲ್ಲಿ ಸೈಕಲ್ ವಿಭಾಗ ನೋಡ್ಕೊಳ್ತಿದ್ದ ರೋಜರ್ ಗೆಲ್ಲರ್ 2006ರ ಹೊತ್ತಿಗೆ ಒಂದು ಅಂದಾಜು ಹಾಕಿದ್ರು, ನೂರಕ್ಕೆ 60 ಜನ ಆಸೆ ಇದ್ದೂ ಭಯಪಡೋರು, ಯಾವುದಕ್ಕೂ ಹೆದರದೆ ಎಂಥಾ ರೋಡಲ್ಲೂ ಓಡಿಸೋರು 1 ಕೂಡ ಇಲ್ಲ ಅಂತ. ನಮ್ಮ ಗುಂಪಲ್ಲಿ ಕೂತಿದ್ದವರೆಲ್ಲಾ ಆ ಒಂದರೊಳಗೆ ಬರೋರು! ಎಂಬತ್ತು ಕಿ.ಮೀ. ತುಳಿದು ಬಂದು ಬೆವರು ಒರೆಸ್ಕೊಂಡು, ಒಂಬತ್ತನೇ ಕ್ಲಾಸಿನ ಹುಡುಗಿ ಸ್ಕೂಲಿಗೆ ಹೆಂಗೆ ಹೋಗ್ಬೇಕು ಅಂತ ತೀರ್ಮಾನ ಮಾಡ್ತಿದ್ವಿ.

ಇನ್ನು ಕಾನೂನಿನ ಕಥೆ. ಆಗ ನಮ್ಮಲ್ಲಿ ಇದ್ದ ನಿಯಮ ಗಾಡಿಯವರು ಸೈಕಲ್ಲನ್ನ ಓವರ್‌ಟೇಕ್ ಮಾಡುವಾಗ "ಸುರಕ್ಷಿತ ಅಂತರ" ಕಾಪಾಡ್ಬೇಕು ಅಂತಿತ್ತು. ಎಷ್ಟು? ಗುದ್ದದೇ ಇದ್ರೆ ಸುರಕ್ಷಿತ, ಗುದ್ದಿದ್ರೆ ಅಲ್ಲ, ಅಷ್ಟೇ ಅದರ ಅರ್ಥ. ಅಂಕಿ ಬೇಕು ಅಂತ ನಾವು ಹಟ ಹಿಡಿದ್ವಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1973ರಲ್ಲೇ ಮೂರು ಅಡಿ ಅಂತ ಬರೆದಿತ್ತು. ಆದ್ರೆ ನಮಗೆ ನಿಜವಾಗ್ಲೂ ದಾರಿ ತೋರಿಸಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಅವರು 2014ರಲ್ಲಿ ಪ್ರಯೋಗ ಅಂತ ಶುರು ಮಾಡಿ 2016ರಲ್ಲಿ ಕಾಯಂ ಮಾಡಿದ್ರು, ವೇಗದ ಮಿತಿ 60 ಕಿ.ಮೀ. ತನಕ ಇರೋ ರೋಡಲ್ಲಿ 1 ಮೀಟರ್, ಅದಕ್ಕಿಂತ ಜಾಸ್ತಿ ಇದ್ರೆ ಒಂದೂವರೆ. ಅದರ ಜೊತೆಗೇ ಇನ್ನೊಂದು ಸಾಲು ಇದೆ, ಅದನ್ನ ಬಹಳ ಜನ ನೋಡಲ್ಲ, ಎದುರು ಯಾರೂ ಬರ್ತಿಲ್ಲ ಅಂದ್ರೆ ಸೈಕಲ್‌ಗೆ ಜಾಗ ಬಿಡೋಕೆ ಮಧ್ಯದ ಗೆರೆ ದಾಟಬಹುದು, ಅದು ಅಖಂಡ ಗೆರೆ ಆಗಿದ್ರೂ ಸರಿ. ಈ ಸಾಲು ಇಲ್ದೆ ಇದ್ರೆ ಡ್ರೈವರು ಎರಡು ಕಾನೂನಿನ ಮಧ್ಯೆ ಸಿಕ್ಕಾಕೊಳ್ತಾನೆ, ಗೆರೆ ದಾಟಿದ್ರೆ ಒಂದು ತಪ್ಪು, ದಾಟ್ದಿದ್ರೆ ಇನ್ನೊಂದು. ನಮ್ಮ ಮೊದಲ ಕರಡಿನಲ್ಲಿ ಅದನ್ನ ಬಿಟ್ಟಿದ್ವಿ, ಲಾರಿ ಸಂಘದವರು ಎದ್ದು ನಿಂತು ಅದನ್ನೇ ಕೇಳಿದ್ರು, ಅವರು ಕೇಳಿದ್ದು ನ್ಯಾಯವಾಗೇ ಇತ್ತು.

ಸಾರ್ವಜನಿಕ ವಿಚಾರಣೆಗೆ ಒಬ್ಬೊಬ್ರಿಗೆ ಮೂರು ನಿಮಿಷ. ನಾನು ಒಂದೂವರೆ ಮೀಟರಿನ ಕೋಲು ತಗೊಂಡು ಹೋಗಿದ್ದೆ, ಎಲ್ಲರಿಗೂ ಕಣ್ಣಿಗೆ ಕಾಣಲಿ ಅಂತ. ಬಾಗಿಲಲ್ಲಿ ಸೆಕ್ಯೂರಿಟಿಯವರು ಕೋಲು ಒಳಗೆ ಬಿಡಲ್ಲ ಅಂದ್ರು, ಎಷ್ಟು ಹೇಳಿದ್ರೂ ಇಲ್ಲ, ಅವರ ಕೆಲಸ ಅವರದ್ದು. ಕೊನೆಗೆ ಶೂ ಲೇಸ್ ಬಿಚ್ಚಿ ಎರಡನ್ನೂ ಗಂಟು ಹಾಕಿ ಅಳತೆ ಮಾಡ್ಕೊಂಡೆ. ಒಳಗೆ ಹೋಗಿ ಒಂದು ತುದಿ ನಾನು ಹಿಡ್ಕೊಂಡು ಇನ್ನೊಂದು ತುದಿ ಸಮಿತಿ ಕಡೆ ಚಾಚಿ, "ಸರ್, ಇಷ್ಟೇ ನಾವು ಕೇಳ್ತಿರೋದು" ಅಂದೆ. ಲೇಸು ಜೋತು ಬಿದ್ದಿತ್ತು, ಶೂ ಕಾಲಿಂದ ಕಳಚ್ತಾ ಇತ್ತು, ಎರಡು ಮೂರು ಜನ ನಕ್ರು, ಆದ್ರೆ ನೆನಪಿಟ್ಕೊಂಡ್ರು. ಆಮೇಲೆ ಎಲ್ಲಿ ಸಿಕ್ಕಿದ್ರೂ ನಾನು "ಶೂ ಲೇಸಿನವರು".

ಒಬ್ಬ ಶಾಸಕರು, ನೆದರ್‌ಲ್ಯಾಂಡ್ಸ್ ಬಿಡ್ರೀ, ಅವರು ಹುಟ್ಟಿದ್ದೇ ಸೈಕಲ್ ಮೇಲೆ, ನಮ್ಮ ಜನಕ್ಕೆ ಆಗಲ್ಲ ಅಂದ್ರು. ಇದು ಎಲ್ಲಾ ಕಡೆ ಕೇಳಿ ಬರೋ ಮಾತು, ಹಾಗಾಗಿ ಉತ್ತರ ರೆಡಿ ಇಟ್ಕೊಂಡಿದ್ದೆ. ಅಲ್ಲೂ ಎರಡನೇ ಮಹಾಯುದ್ಧ ಮುಗಿದ್ಮೇಲೆ ಕಾರು ತುಂಬಿ ಸೈಕಲ್ ಕಮ್ಮಿ ಆಗ್ತಾ ಬಂದಿತ್ತು, 1971ರ ಒಂದೇ ವರ್ಷ ರಸ್ತೇಲಿ 3,000ಕ್ಕೂ ಹೆಚ್ಚು ಜನ ಸತ್ತಿದ್ರು, ಅದರಲ್ಲಿ ಮಕ್ಕಳೇ 400ಕ್ಕಿಂತ ಜಾಸ್ತಿ. ಮಗಳನ್ನ ಕಳ್ಕೊಂಡ ಒಬ್ಬ ಪತ್ರಕರ್ತ ಪೇಪರಲ್ಲಿ ಬರೆದ, ತಂದೆ ತಾಯಿಯರು ಬೀದಿಗೆ ಬಂದ್ರು, ಚಳವಳಿಯ ಹೆಸರೇ "ಮಕ್ಕಳ ಕೊಲೆ ನಿಲ್ಲಿಸಿ" ಅಂತ. ಈಗ ನಾವು ಫೋಟೋದಲ್ಲಿ ನೋಡೋ ದಾರಿಗಳು ಜಗಳ ಆಡಿ ಪಡ್ಕೊಂಡಿದ್ದು. ಆ ಶಾಸಕರು ಪೂರ್ತಿ ಕೇಳಿದ್ರು, ಕೇಳಿ, "ಆದ್ರೂ ಸೈಕಲ್‌ನವರು ರೋಡ್ ಟ್ಯಾಕ್ಸ್ ಕಟ್ಟಲ್ಲವಲ್ಲ" ಅಂದ್ರು. ಮೂರು ನಿಮಿಷ ಮುಗಿದಿತ್ತು.

ಮೊದಲ ಅಧಿವೇಶನದಲ್ಲಿ ಮಸೂದೆ ಸಮಿತೀಲೇ ಸತ್ತು ಹೋಯ್ತು. ವಿರೋಧ ಮಾಡಿ ಸೋಲಿಸಿದ್ರೆ ಬೇಜಾರಿರ್ಲಿಲ್ಲ, ಚರ್ಚೆಗೇ ತಗೊಳ್ಲಿಲ್ಲ, ದಿನ ಮುಗೀತು ಅಷ್ಟೇ. ಎರಡನೇ ಸಲ ಪಾಸಾಗೋ ಹಂತಕ್ಕೆ ಬಂತು, ಹಿಂದಿನ ರಾತ್ರಿ ತಿದ್ದುಪಡಿ ಪ್ರತಿ ನೋಡಿದ್ರೆ "1.5 ಮೀಟರ್" ಆದ್ಮೇಲೆ ಯಾರೋ "ಸಾಧ್ಯವಾದಷ್ಟು ಮಟ್ಟಿಗೆ" ಅಂತ ಸೇರ್ಸಿದ್ರು. ಮೂರು ವರ್ಷದ ಕೆಲಸ ಎರಡು ಪದದಲ್ಲಿ ಹೋಗ್ತಿತ್ತು. ಆ ರಾತ್ರಿ ಹನ್ನೆರಡರ ತನಕ ಫೋನು, ಬೆಳಗ್ಗೆ ಏಳಕ್ಕೇ ಒಬ್ಬೊಬ್ರ ಮನೆ ಬಾಗಿಲು. ಆ ಪದ ತೆಗೆಸಿದ್ದು ಯಾರು ಗೊತ್ತಾ, ಲಾರಿ ಸಂಘದವರೇ. ಗೆರೆ ದಾಟೋ ಸಾಲು ನಾವು ಸೇರ್ಸಿದ್ಮೇಲೆ ಅವರಿಗೆ ಸ್ಪಷ್ಟವಾದ ಅಂಕಿಯೇ ಬೇಕಿತ್ತು, ಕೋರ್ಟಲ್ಲಿ "ಸಾಧ್ಯವಾದಷ್ಟು" ಅಂತ ವಾದ ಮಾಡ್ತಾ ಕೂರೋದು ಅವರ ಡ್ರೈವರುಗಳಿಗೂ ತಲೆನೋವು.

ಕಾನೂನು ಬಂದ್ಮೇಲೆ ಎಲ್ಲಾ ಸರಿ ಹೋಯ್ತಾ ಅಂದ್ರೆ, ಇಲ್ಲ. ಪೊಲೀಸರು ಆ ಅಂತರ ಅಳೆಯೋದು ಹೆಂಗೆ? ಅಮೆರಿಕದ ಚಾಟನೂಗದಲ್ಲಿ ಪೊಲೀಸರು ಹ್ಯಾಂಡಲ್‌ಗೆ ಅಲ್ಟ್ರಾಸಾನಿಕ್ ಸಾಧನ ಕಟ್ಕೊಂಡು ತಾವೇ ಸೈಕಲ್ ತುಳಿದು ಅಳೆದ್ರು, ನಮ್ಮಲ್ಲಿ ಅಂಥದ್ದು ಇನ್ನೂ ಆಗಿಲ್ಲ. ಅಂಕಿ ಬಂದಿದ್ರಿಂದ ಡ್ರೈವಿಂಗ್ ಪರೀಕ್ಷೆಯ ಪುಸ್ತಕಕ್ಕೆ ಒಂದು ಪ್ರಶ್ನೆ ಸೇರ್ತು, ಅದೇ ದೊಡ್ಡ ಲಾಭ ಅಂತ ನನ್ನ ಲೆಕ್ಕ.

ನಿಜ ಹೇಳ್ಬೇಕು ಅಂದ್ರೆ ಕಾನೂನಿಗಿಂತ ಜಾಸ್ತಿ ಕೆಲಸ ಆಗಿದ್ದು ಡಾಂಬರು ಹಾಕೋ ರೋಡುಗಳ ಪಟ್ಟಿಯಿಂದ. ಇದನ್ನ ನನಗೆ ಹೇಳ್ಕೊಟ್ಟಿದ್ದು ಇಲಾಖೆಯ ಒಬ್ಬ ಎಂಜಿನಿಯರ್ ಮೇಡಂ. ನಾಲ್ಕನೇ ಸಲವೋ ಐದನೇ ಸಲವೋ ಅವರ ಆಫೀಸಿಗೆ ಹೋಗಿದ್ದೆ, ಅರ್ಜಿ ಪಕ್ಕಕ್ಕಿಟ್ಟು, "ನೀವು ಹೊಸದಾಗಿ ಸೈಕಲ್ ದಾರಿ ಕೇಳಿದ್ರೆ ನಾನು ಹೊಸ ಯೋಜನೆ ಬರೀಬೇಕು, ದುಡ್ಡು ಕೇಳ್ಬೇಕು, ಐದು ವರ್ಷ. ಮುಂದಿನ ವರ್ಷ ಯಾವ ರೋಡಿಗೆ ಡಾಂಬರು ಅಂತ ಪಟ್ಟಿ ಈಗ್ಲೇ ಆಗುತ್ತೆ, ಆ ರೋಡಿಗೆ ಗೆರೆ ಹೆಂಗಿದ್ರೂ ಮತ್ತೆ ಹೊಡೀಬೇಕು. ಹಳೇ ಜಾಗದಲ್ಲೇ ಹೊಡೀಬೇಕು ಅಂತ ಯಾರು ಹೇಳಿದ್ರು?" ಅಂದ್ರು. ನಾನು ಕೂತಲ್ಲೇ ಕೂತೆ. ಗಾಡಿ ಲೇನಿನ ಗೆರೆ ಒಂದೊಂದು ಅಡಿ ಒಳಗೆ ತಂದ್ರೆ ಅಂಚಲ್ಲಿ ಸೈಕಲ್‌ಗೆ ಜಾಗ ಸಿಗುತ್ತೆ, ಖರ್ಚು ಅದೇ ಬಣ್ಣದ್ದು. ಲೇನು ಸಣ್ಣದಾದ್ರೆ ಗಾಡಿಯವರೂ ಸ್ವಲ್ಪ ನಿಧಾನ ಮಾಡ್ತಾರೆ, ಆ ನಿಧಾನದ ಬೆಲೆ ಕಮ್ಮಿ ಅಲ್ಲ, ಪಾದಚಾರಿಗಳ ಮೇಲೆ ಅಮೆರಿಕದಲ್ಲಿ 2011ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಗಂಟೆಗೆ ಸುಮಾರು 37 ಕಿ.ಮೀ. ವೇಗದಲ್ಲಿ ಕಾರು ಗುದ್ದಿದ್ರೆ ಸಾಯೋ ಸಾಧ್ಯತೆ ಶೇ 10, ಸುಮಾರು 68ರಲ್ಲಿ ಶೇ 50.

ಆಮೇಲಿಂದ ನಮ್ಮ ಗುಂಪಿನ ಕೆಲಸವೇ ಬದಲಾಯ್ತು. ಪ್ರತಿ ವರ್ಷ ಪಟ್ಟಿ ಹೊರಗೆ ಬರೋಕೆ ಮುಂಚೆ ಜಿಲ್ಲೆ ಜಿಲ್ಲೆಯ ಆಫೀಸಿಗೆ ಒಬ್ಬೊಬ್ರು ಹೋಗಿ ಕೂರೋದು, ನಮ್ಮ ಚುಕ್ಕೆ ಮ್ಯಾಪು ಅವರ ಪಟ್ಟಿ ಪಕ್ಕದಲ್ಲಿ ಇಟ್ಟು ಎಲ್ಲಿ ಎರಡೂ ಕೂಡುತ್ತೆ ನೋಡೋದು. ಬೋರ್ ಹೊಡೆಸೋ ಕೆಲಸ, ಇದಕ್ಕೆ ಫೋಟೋ ಬರಲ್ಲ, ಜಾಥಾಗೆ ಬರ್ತಿದ್ದ ಅರ್ಧ ಜನ ಬಿಟ್ಟು ಹೋದ್ರು. ಹೈವೇ ಅಂಚಲ್ಲಿ ನಿದ್ದೆ ಹೋಗೋ ಡ್ರೈವರಿಗೆ ಅಂತ ರಂಬಲ್ ಸ್ಟ್ರಿಪ್, ಅಂದ್ರೆ ಚಕ್ರ ಹತ್ತಿದ್ರೆ ಗಡಗಡ ಅಂತ ಎಚ್ಚರಿಸೋ ಸಾಲು ಗೀರುಗಳು, ಕೊರೀತಾರೆ, ಅದನ್ನ ಎಡೆಬಿಡದೆ ಕೊರೆದ್ರೆ ಸೈಕಲ್‌ನವನು ಆ ಕಡೆಯಿಂದ ಈ ಕಡೆ ದಾಟೋಕೇ ಆಗಲ್ಲ, ಕೈ ಮರಗಟ್ಟಿ ಹೋಗುತ್ತೆ. 40ರಿಂದ 60 ಅಡಿಗೆ ಒಂದ್ಸಲ 12 ಅಡಿ ಖಾಲಿ ಬಿಟ್ರೆ ಸಾಕು, ಅಮೆರಿಕದ ಹೈವೇ ಇಲಾಖೆಯೇ ಹಂಗೆ ಮಾಡಿ ಅನ್ನುತ್ತೆ. ಇದನ್ನ ಕೈಪಿಡಿಗೆ ಸೇರಿಸೋಕೆ ಒಂದೇ ಮೀಟಿಂಗ್ ಸಾಕಾಯ್ತು, ಜೊತೆಗೆ ನನ್ನ ಜಾಲರಿಯ ಸೀಳಿನ ದಿಕ್ಕೂ ಸೇರ್ತು. ಅದಕ್ಕೆ ಮಾತ್ರ ನಾಲ್ಕು ವರ್ಷ ಹಿಡೀತು, ಯಾಕೆ ಅಂತ ನನ್ನ ಕೇಳ್ಬೇಡಿ.

ಮೇಡಂ ಒಂದಿನ ನಮ್ಮ ಜೊತೆ ಸೈಕಲ್ ಮೇಲೆ ಬಂದ್ರು. ಒಂದು ಸಿಗ್ನಲ್ ಹತ್ರ ನಿಂತ್ವಿ, ಹಸಿರು ಬರ್ತಾನೇ ಇಲ್ಲ. ಬೆಳಗ್ಗೆ ಐದರ ಜನ ಇಲ್ಲಿ ಕೆಂಪಲ್ಲೇ ದಾಟ್ತಾರೆ, ನಿಯಮ ಪಾಲಿಸಲ್ಲ ಅಂತ ಎಲ್ಲರೂ ಬೈತಿದ್ದ ಜಾಗ ಅದು. ಮೇಡಂ ಇಳಿದು ಡಾಂಬರು ನೋಡಿದ್ರು, ಅಲ್ಲಿ ಕೊರೆದು ಮುಚ್ಚಿದ ಚೌಕದ ಗೆರೆ ಇತ್ತು. ಅದರ ಕೆಳಗೆ ತಂತಿಯ ಸುರುಳಿ ಇರುತ್ತಂತೆ, ಮೇಲೆ ಲೋಹ ಬಂದ್ರೆ ಕಾಂತಕ್ಷೇತ್ರ ಬದಲಾಗಿ ಸಿಗ್ನಲ್‌ಗೆ ಗೊತ್ತಾಗುತ್ತೆ, ಭಾರಕ್ಕೂ ಅದಕ್ಕೂ ಸಂಬಂಧ ಇಲ್ಲ, ನಾನು ಇಷ್ಟು ವರ್ಷ ಭಾರ ಅಂದ್ಕೊಂಡು ಅದರ ಮೇಲೆ ಕುಣಿದಿದ್ದೆ! ಚೌಕದ ನಡುವೆ ನಿಂತ್ರೆ ಸೈಕಲ್ ಅದಕ್ಕೆ ಕಾಣೋದು ಕಮ್ಮಿ, ಚಕ್ರ ಸರಿಯಾಗಿ ಆ ಕೊರೆದ ಗೆರೆ ಮೇಲೆ ಇರ್ಬೇಕು. ಅವರು ಸೈಕಲ್ ಸರಿಸಿ ಗೆರೆ ಮೇಲೆ ಇಟ್ರು, ಕಾಯ್ದ್ವಿ, ಹಸಿರು ಬಂತು. ಮಾರನೇ ವಾರ ಸೂಕ್ಷ್ಮತೆ ಸ್ವಲ್ಪ ಏರ್ಸಿ, ಎಲ್ಲಿ ನಿಲ್ಲಬೇಕು ಅಂತ ಗೆರೆ ಮೇಲೆ ಒಂದು ಸಣ್ಣ ಸೈಕಲ್ ಚಿತ್ರ ಬರೆಸಿದ್ರು. ಈಗ ಬೆಳಗ್ಗೆ ಹೋಗಿ ನೋಡಿದ್ರೆ ಬಹಳಷ್ಟು ಜನ ಆ ಚಿತ್ರದ ಮೇಲೆ ನಿಂತು ಕಾಯ್ತಾರೆ.

ಸೋತಿದ್ದೂ ಬೇಕಾದಷ್ಟಿದೆ. ಒಂದು ಊರಲ್ಲಿ ಬರೀ ಬಣ್ಣದ ಲೇನ್ ಹಾಕಿಸಿದ್ವಿ, ತಿಂಗಳೊಳಗೆ ಅದು ಪಾರ್ಕಿಂಗ್ ಆಯ್ತು, ಮುಂಚೆಗಿಂತ ಕೆಟ್ಟದಾಯ್ತು, ನಿಂತ ಕಾರಿನ ಬಾಗಿಲು ದಿಢೀರ್ ಅಂತ ತೆಗೆದು ಒಬ್ಬ ಹುಡುಗನಿಗೆ ಪೆಟ್ಟಾಯ್ತು. ತಡೆ ಕಂಬ ಇಲ್ದೆ ಬರೀ ಬಣ್ಣಕ್ಕೆ ಒಪ್ಕೊಂಡಿದ್ದು ನಾವೇ, ಏನೋ ಒಂದು ಸಿಕ್ತಲ್ಲ ಅಂತ. ಆ ಹುಡುಗನ ಮನೆಗೆ ಹೋಗಿದ್ದೆ, ಅವರಪ್ಪ ಏನೂ ಬೈಲಿಲ್ಲ, ಬೈದಿದ್ರೆ ವಾಸಿ ಇತ್ತು. ಮೊದಲು ಹೇಳಿದ ಆ ಸೇತುವೆ ಇನ್ನೂ ಹಾಗೇ ಇದೆ. ಅಗಲ ಮಾಡೋಕೆ ದುಡ್ಡಿಲ್ಲ, ವೇಗ ಇಳಿಸಿ ಅಂದ್ರೆ ಮೇಲಿನವರು ಒಪ್ಪಲ್ಲ. ಆ ಹಿರಿಯರು ರಿಟೈರ್ ಆದ್ರು.

ಹೋದ ವಾರ ರಾಜ್ಯದ ಆ ತುದಿಯಿಂದ ಒಬ್ಬ ಟೀಚರ್ ಫೋನ್ ಮಾಡಿದ್ರು. ಶಾಲೆ ಮುಂದೆ ಜಾಲರಿ, ಸೀಳು ಉದ್ದುದ್ದ, ಫೋಟೋ ಕಳಿಸಿದ್ರು, ನನ್ನದರ ಅಣ್ಣನೋ ತಮ್ಮನೋ ಅನ್ನೋ ಹಾಗಿತ್ತು. ಕೈಪಿಡಿ ಬದಲಾಗಿದೆಯಲ್ಲ ಅಂದೆ. "ಹೊಸದಾಗಿ ಹಾಕೋದಕ್ಕೆ ಮಾತ್ರವಂತೆ ಸರ್, ಹಳೇದಕ್ಕೆ ಅನ್ವಯ ಆಗಲ್ಲವಂತೆ" ಅಂದ್ರು. ಹಂಗಾದ್ರೆ ಚರಂಡಿ ಯಾರದ್ದು ಅಂತ ಮೊದಲು ಬರಹದಲ್ಲಿ ತಗೊಳ್ಳಿ ಮೇಡಂ ಅಂತ ಶುರು ಮಾಡ್ದೆ. ಅವರು ನಕ್ಬಿಟ್ರು, ಆಗ್ಲೇ ಮೂರು ಆಫೀಸಿನ ಪತ್ರ ಅವರ ಕೈಲಿತ್ತು, ಮೂರರಲ್ಲೂ ನಮ್ದಲ್ಲ ಅಂತ. ಪಿನ್ ಮಾಡ್ಬೇಡಿ, ಆ ಬೀದೀಲಿ ಯಾರಾದ್ರೂ ಪೈಪ್ ಕೆಲಸ ಮಾಡಿಸ್ತಿದಾರಾ ನೋಡಿ ಅಂದೆ.